ಪವರ್ ಏರಿಸಿದರೂ ಗ್ರಾಫ್ ಯಾಕೆ ಮೇಲೇಳುತ್ತಿಲ್ಲ?

ಸರಸ್ವತಿಪುರಂ_ಎಂಟೆಕ್:
ಮೈಸೂರಿನಲ್ಲಿ ಎಂಟೆಕ್ ಕೊನೇ ವರ್ಷ. ಪ್ರಾಜೆಕ್ಟಿಗೆ ಮ್ಯಾಟ್‌ಲ್ಯಾಬ್‌ನಲ್ಲಿ ಟವರ್‌ಗೆ 4 ಆಂಟೆನಾ, 4 ಯೂಸರ್, ಝೀರೋ ಫೋರ್ಸಿಂಗ್ (ಒಬ್ಬನ ಸಿಗ್ನಲ್ ಇನ್ನೊಬ್ಬನಿಗೆ ತಾಗದಂತೆ ಬೀಮ್ ಇಡುವ ವಿಧಾನ) ಹಾಕಿದ್ದೇನೆ. ಚಾನೆಲ್ (ಟವರ್‌ನಿಂದ ಫೋನ್‌ವರೆಗೆ ಸಿಗ್ನಲ್ ಹೋಗುವ ದಾರಿಯ ಸ್ಥಿತಿ) ಪೂರ್ತಿ ಗೊತ್ತಿದ್ದರೆ ಪವರ್ ಏರಿಸಿದಂತೆ ಡೇಟಾ ರೇಟ್ ಏರುತ್ತಾ ಹೋಗುತ್ತದೆ. ಫೋನ್ ಆ ಚಾನೆಲನ್ನು ಟವರ್‌ಗೆ ತಿಳಿಸಲು 6 ಬಿಟ್ ಫೀಡ್‌ಬ್ಯಾಕ್ ಹಾಕಿದರೆ ಎಸ್‌ಎನ್‌ಆರ್ (ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್ ಎಷ್ಟು ಬಲ ಅನ್ನುವ ಅಳತೆ) 10 ಡಿಬಿ ದಾಟುತ್ತಿದ್ದಂತೆ ಗೆರೆ ಮಲಗಿಬಿಡುತ್ತದೆ. ಒಬ್ಬನೇ ಯೂಸರ್ ಇದ್ದರೆ ಅದೇ 6 ಬಿಟ್ ಸಾಕು! ಗೈಡ್ ‘ಬಗ್ ಇದೆ, ಹುಡುಕು’ ಅನ್ನುತ್ತಾರೆ. ಹೌದಾ?

ಮಂಡ್ಯ_ಡ್ರೈವ್‌ಟೆಸ್ಟ್:
ಬಗ್ ಅಲ್ಲ ಗುರು, ಹಾಗೇ ಬರಬೇಕು.

ಒಬ್ಬನೇ ಇದ್ದಾಗ ಬೀಮ್ ಸ್ವಲ್ಪ ಓರೆಯಾದರೆ ಅವನ ಸಿಗ್ನಲ್ ಅಷ್ಟೇ ತಗ್ಗುತ್ತದೆ, ನಿನ್ನ ಲೆಕ್ಕದಲ್ಲಿ ಸುಮಾರು 1 ಡಿಬಿ. ನಾಲ್ವರಿದ್ದಾಗ ಕಥೆಯೇ ಬೇರೆ. ಉಳಿದ ಮೂವರ ಕಡೆ ಸೊನ್ನೆ ಇಡುವುದೇ ಝೀರೋ ಫೋರ್ಸಿಂಗ್ ಕೆಲಸ. ಚಾನೆಲ್ ಅಂದಾಜು ತಪ್ಪಿದರೆ ಆ ಸೊನ್ನೆ ಇನ್ನೆಲ್ಲೋ ಕೂರುತ್ತದೆ. ತೂತುಬಿದ್ದ ಬದುವಿನ ಹಾಗೆ: ನಾಲೆ ನೀರು ಜಾಸ್ತಿ ಬಿಟ್ಟಷ್ಟೂ ಪಕ್ಕದ ಗದ್ದೆಗೆ ಸೋರುವುದೂ ಜಾಸ್ತಿ. ಪವರ್ ದುಪ್ಪಟ್ಟಾದರೆ ಇಂಟರ್‌ಫಿಯರೆನ್ಸೂ ದುಪ್ಪಟ್ಟು. ಗೆರೆ ಮಲಗದೆ ಇನ್ನೇನು ಮಾಡೀತು?

ಇಂಥ ಸೀಮಿತ ಫೀಡ್‌ಬ್ಯಾಕ್ ಬಗ್ಗೆಯೇ ನಿಹಾರ್ ಜಿಂದಾಲ್ ಅವರ 2006ರ ಪೇಪರ್ ಇದೆ, ಓದು. 4 ಆಂಟೆನಾ ಇದ್ದರೆ ಎಸ್‌ಎನ್‌ಆರ್ 3 ಡಿಬಿ ಏರಿದಾಗೆಲ್ಲ ಪ್ರತಿ ಯೂಸರ್‌ಗೂ 3 ಬಿಟ್ ಜಾಸ್ತಿ ಬೇಕು. 20 ಡಿಬಿಗೆ ಸುಮಾರು 20 ಬಿಟ್. ನೀನು 6 ಕೊಟ್ಟು ಕೂತಿದ್ದೀಯ! ಗೈಡ್ ಮುಂದೆ ಆ ಪೇಪರ್ ಇಡು.

ಕುವೆಂಪುನಗರ_ಆರ್‌ಎಫ್:
ಅಣ್ಣಾ, ಟಿಡಿಡಿಯಲ್ಲಿ (ಕಳಿಸುವುದು, ಪಡೆಯುವುದು ಎರಡೂ ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿಯಂತೆ) ಈ ಬಿಟ್ ಲೆಕ್ಕವೇ ಬೇಡ ಅಲ್ವಾ? ಫೋನ್ ಕಳಿಸಿದ ಪೈಲಟ್ (ಮೊದಲೇ ಗೊತ್ತಿರುವ ಸಿಗ್ನಲ್) ನೋಡಿ ಬೇಸ್ ಸ್ಟೇಷನ್ನೇ ಚಾನೆಲ್ ಅಳೆಯುತ್ತದೆ.

ಮಂಡ್ಯ_ಡ್ರೈವ್‌ಟೆಸ್ಟ್:
ಬಿಟ್ ಉಳಿಯಿತು ಸರಿ, ಅಳತೆ ಹಳಸುವುದು ತಪ್ಪಲಿಲ್ಲವಲ್ಲ. ಮದ್ದೂರು ಹತ್ತಿರ ಎಕ್ಸ್‌ಪ್ರೆಸ್‌ವೇಯಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಹೋಗುವಾಗ ನೋಡುತ್ತಿರುತ್ತೇನೆ. ಆರ್‌ಎಸ್‌ಆರ್‌ಪಿ (ಟವರ್ ಸಿಗ್ನಲ್‌ನ ಬಲ) ಗಟ್ಟಿಯಾಗೇ ಇರುತ್ತದೆ, ಡೌನ್‌ಲೋಡ್ ಮಾತ್ರ ದಬಕ್ಕನೆ ಬೀಳುತ್ತದೆ. ಕಾರಣ ಒಂದೇ ಅಂತ ಹೇಳುವುದಿಲ್ಲ, ಆದರೆ ಈ ಲೆಕ್ಕ ನೋಡಿ. ಚಾನೆಲ್ ಅಳೆದು ಬೀಮ್ ಬಿಡುವುದರೊಳಗೆ 10 ಮಿಲಿಸೆಕೆಂಡ್ ಹೋಯಿತು ಅಂದುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಕಾರು 28 ಸೆಂ.ಮೀ. ಮುಂದೆ ಹೋಗಿರುತ್ತದೆ. 3.5 ಗಿಗಾಹರ್ಟ್ಸ್‌ನಲ್ಲಿ ತರಂಗದ ಉದ್ದವೇ 8.6 ಸೆಂ.ಮೀ., ಅದರ ಅರ್ಧದಷ್ಟು ಸರಿದರೂ ಚಾನೆಲ್ ಬದಲಾಗಿಬಿಡುತ್ತದೆ. ಬೀಮ್ ಹೊರಡುವ ಹೊತ್ತಿಗೆ ಅಳೆದ ಚಾನೆಲ್ ಎಲ್ಲಿರುತ್ತದೆ? ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುತ್ತಾ ನಡೆಯುವವರು ಅಷ್ಟರಲ್ಲಿ ಒಂದೂವರೆ ಸೆಂ.ಮೀ. ಕೂಡ ಸರಿದಿರುವುದಿಲ್ಲ. ಅವರಿಗೆ ಪರವಾಗಿಲ್ಲ.

ಸರಸ್ವತಿಪುರಂ_ಎಂಟೆಕ್:
ಥ್ಯಾಂಕ್ಸ್ ಅಣ್ಣ. ಸರಿಪಡಿಸಲು ಏನು ಮಾಡಲಿ?

ಮಂಡ್ಯ_ಡ್ರೈವ್‌ಟೆಸ್ಟ್:
ಪೂರ್ತಿ ಸೊನ್ನೆ ಮಾಡಲು ಹಟ ಹಿಡಿಯಬೇಡ. ರೆಗ್ಯುಲರೈಸ್ಡ್ ಝೀರೋ ಫೋರ್ಸಿಂಗ್ (ಸ್ವಲ್ಪ ಸೋರಿಕೆ ಒಪ್ಪಿಕೊಳ್ಳುವ ಬಗೆ) ಹಾಕು, ಆ ರೆಗ್ಯುಲರೈಸೇಷನ್‌ನಲ್ಲಿ ನಾಯ್ಸ್ ಜೊತೆ ಚಾನೆಲ್ ಎರರ್ ವೇರಿಯೆನ್ಸನ್ನೂ (ಅಂದಾಜು ಎಷ್ಟು ತಪ್ಪುತ್ತದೆ ಅನ್ನುವ ಅಳತೆ) ಸೇರಿಸು. ಆಮೇಲೆ ಒಮ್ಮೆಗೆ 4 ಜನರ ಬದಲು 2 ಜನರಿಗೆ ಕಳಿಸಿ ನೋಡು. ಎಸ್‌ಎನ್‌ಆರ್ ಜಾಸ್ತಿ ಇರುವ ಕಡೆ ಅದೇ ಗೆದ್ದರೂ ಗೆಲ್ಲಬಹುದು. ಗ್ರಾಫ್ ಬಂದ ಮೇಲೆ ಇಲ್ಲೇ ಹಾಕು.