ಪುಟ್ಟಿಗೆ, ಆ 3 ವರ್ಷದ ಲೆಟರ್ ಬಗ್ಗೆ

ಪುಟ್ಟಿ, ನಾನು ದೊಡ್ಡಮ್ಮ. ನೀನು ನಿನ್ನೆ ರಾತ್ರಿ ಗ್ರೂಪಿನಲ್ಲಿ ಕೇಳಿದ್ದನ್ನು ಈಗ ನೋಡಿದೆ. ಅಷ್ಟುದ್ದ ಟೈಪ್ ಮಾಡುತ್ತಾ ಕೂರಲು ನನ್ನಿಂದ ಆಗಲ್ಲ. ಮಾತಾಡುತ್ತೇನೆ, ಫೋನೇ ಬರೆದುಕೊಳ್ಳಲಿ. ಎಲ್ಲಾದರೂ ತಪ್ಪು ಬರೆದಿದ್ದರೆ ನೀವೇ ಸರಿ ಮಾಡಿಕೊಂಡು ಓದಿ. ಉದ್ದ ಆಗುತ್ತದೆ, ಮೊದಲೇ ಹೇಳಿದ್ದೇನೆ.

ನಿನಗಿರುವುದು 8 ತಿಂಗಳ ಕೆಲಸ, ಅದಕ್ಕೆ ಮುಂಚೆ 4 ತಿಂಗಳ ಇಂಟರ್ನ್‌ಶಿಪ್. ಆ ಕಂಪನಿ ಕೇಳುತ್ತಿರುವುದು 3 ವರ್ಷ. ಯಾರೋ ಏಜೆಂಟ್ ದುಡ್ಡು ತೆಗೆದುಕೊಂಡು 3 ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಕೊಡುತ್ತೇನೆ ಅಂದಿದ್ದಾನೆ. "ಎಲ್ಲರೂ ಹಾಕುತ್ತಾರಂತೆ, ನಾನೊಬ್ಬಳೇ ಹಾಕದಿದ್ದರೆ ದಡ್ಡಿ ಆಗುತ್ತೇನಾ" ಅಂತ ಕೇಳಿದ್ದೀಯ. ನಿಮ್ಮಮ್ಮ ಅದರ ಕೆಳಗೆ ಕೈಮುಗಿದ ಚಿತ್ರ ಹಾಕಿ ಸುಮ್ಮನಾಗಿದ್ದಾಳೆ. ಅವಳು ಚಿಕ್ಕಂದಿನಿಂದಲೂ ಹಾಗೇ, ಬಿಡು.

ಹಾಕಬೇಡ. ಇಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಯಾಕೆ ಅಂತ ತಿಳಿಯದೆ ನೀನು ಬಿಡುವವಳಲ್ಲ, ಥೇಟ್ ನಿಮ್ಮಜ್ಜಿ. ಸಿಕ್ಕಿಬೀಳುತ್ತೀಯ ಅಂತ ನಾನು ಹೆದರಿಸಲು ಬಂದಿಲ್ಲ. ನಾನು ಸಿಕ್ಕಿಬೀಳಲಿಲ್ಲ ನೋಡು, ತೊಂದರೆ ಆಗಿದ್ದೇ ಅದರಿಂದ.

ನಾನು ಡೇಟಾಬೇಸ್ ಕೆಲಸಕ್ಕೆ ಸೇರಿದ್ದು 1999ರಲ್ಲಿ, ಅದು ನಿಮಗೆಲ್ಲ ಗೊತ್ತು. ಹೇಗೆ ಸೇರಿದೆ ಅನ್ನುವುದು ಗೊತ್ತಿಲ್ಲ. ಒರಾಕಲ್ ಅನ್ನುವ ಡೇಟಾಬೇಸ್ ಮೇಲೆ ನಾನು ಕೆಲಸ ಮಾಡಿದ್ದು ಒಟ್ಟು 6 ತಿಂಗಳು, ಅದೂ ಬರೀ ರಿಪೋರ್ಟ್ ತೆಗೆಯುವುದು. ಬಯೋಡೇಟಾದಲ್ಲಿದ್ದದ್ದು ಡಿಬಿಎ, ಅಂದರೆ ಇಡೀ ಡೇಟಾಬೇಸ್ ನೋಡಿಕೊಳ್ಳುವವಳು, 2 ವರ್ಷ ಅಂತ. ಇಂಟರ್‌ವ್ಯೂನಲ್ಲಿ ಪುಸ್ತಕದ ಪ್ರಶ್ನೆ ಕೇಳಿದರು, ಪುಸ್ತಕದ ಉತ್ತರ ಹೇಳಿದೆ, ಕೆಲಸ ಸಿಕ್ಕಿತು. ಮೂರನೇ ವಾರಕ್ಕೇ ರಾತ್ರಿ ಪಾಳಿಗೆ ಒಬ್ಬಳನ್ನೇ ಹಾಕಿದರು. 2 ವರ್ಷದ ಅನುಭವ ಇದೆಯಲ್ಲ!

ಒಂದು ರಾತ್ರಿ ಹನ್ನೊಂದೂವರೆಗೆ ಎಲ್ಲ ನಿಂತುಹೋಯಿತು. ಯಾರು ಏನು ಸೇವ್ ಮಾಡಲು ಹೋದರೂ ಆಗುತ್ತಿಲ್ಲ. ಸ್ಕ್ರೀನ್ ಮೇಲೆ ಓಆರ್‌ಎ 00257, ಆರ್ಕೈವರ್ ಎರರ್ ಅಂತ ಬಂದಿದೆ. ಇವತ್ತಾದರೆ ನಿದ್ದೆಗಣ್ಣಲ್ಲೂ ಹೇಳುತ್ತೇನೆ: ಡಿಸ್ಕ್ ತುಂಬಿದೆ, ಆಗಿಹೋದ ಬದಲಾವಣೆಗಳ ನಕಲು ಇಟ್ಟಿರುವ ಹಳೆ ಆರ್ಕೈವ್ ಫೈಲುಗಳನ್ನು ಬೇರೆ ಡಿಸ್ಕಿಗೆ ಸರಿಸು, ಅದು ತಾನೇ ಓಡಲು ಶುರುಮಾಡುತ್ತದೆ. ಅವತ್ತು ನನಗೆ ಅರ್ಥವಾಗಿದ್ದು ಡಿಸ್ಕ್ ತುಂಬಿದೆ ಅನ್ನುವಲ್ಲಿಗೆ ಮಾತ್ರ.

ಮಾನಿಟರ್ ಅಂಚಿಗೆ ಒಂದು ಚೀಟಿ ಅಂಟಿಸಿತ್ತು. ನಮ್ಮ ಸೀನಿಯರ್ ಮನೆಯ ಫೋನ್ ನಂಬರ್. ಅದರ ಕೆಳಗೆ ಕೆಂಪು ಇಂಕಿನಲ್ಲಿ 'ಎಷ್ಟು ಹೊತ್ತಾದರೂ ಸರಿ' ಅಂತ ಅವರ ಕೈಬರಹ. ನಾನು ಮೂರು ಸಲ ರಿಸೀವರ್ ಎತ್ತಿದೆ. ಮೂರು ಸಲವೂ ಇಟ್ಟೆ. ಏನಂತ ಕೇಳಲಿ? 2 ವರ್ಷ ಡಿಬಿಎ ಆಗಿದ್ದವಳು ಡಿಸ್ಕ್ ತುಂಬಿದರೆ ಏನು ಮಾಡಬೇಕು ಅಂತ ಕೇಳುತ್ತಾಳಾ? ಬಾಯಿ ಬಿಟ್ಟರೆ ಬಣ್ಣಗೇಡು ಅಲ್ವಾ?

ಅದಕ್ಕೇ ಹೇಳುವುದು ಪುಟ್ಟಿ, ಇಲ್ಲದ ಅನುಭವ ಬರೆಯಬೇಡ. ಬರೆದರೆ ಕೇಳುವ ಬಾಯಿ ಕಟ್ಟಿಹೋಗುತ್ತದೆ.

ಫೋನ್ ಮಾಡದೆ ಫೈಲುಗಳ ಪಟ್ಟಿ ತೆಗೆದೆ. ರೀಡೂ01 ಡಾಟ್ ಲಾಗ್, ರೀಡೂ02 ಡಾಟ್ ಲಾಗ್, ರೀಡೂ03 ಡಾಟ್ ಲಾಗ್. ಲಾಗ್ ಅಂದಮೇಲೆ ಏನೇನಾಯಿತು ಅಂತ ಸುಮ್ನೆ ಬರೆದಿಟ್ಟಿರುವ ಕಸ ಅಂದುಕೊಂಡೆ. ದೊಡ್ಡ ದೊಡ್ಡ ಫೈಲುಗಳು, ತೆಗೆದರೆ ಜಾಗ ಆಗುತ್ತದೆ. ಮೂರನ್ನೂ ಅಳಿಸಿದೆ. ಗ್ರೂಪಿನಲ್ಲಿ ಈ ಕೆಲಸ ಗೊತ್ತಿರುವವರು ಈಗ ತಲೆ ಮೇಲೆ ಕೈ ಹೊತ್ತು ಕೂತಿರುತ್ತೀರಿ. ಉಳಿದವರಿಗೆ ಹೇಳುತ್ತೇನೆ. ಡೇಟಾಬೇಸಿನಲ್ಲಿ ಯಾರು ಏನು ಬದಲಾಯಿಸಿದರೂ ಅದು ಮೊದಲು ಈ ರೀಡೂ ಫೈಲಿಗೆ ಹೋಗಿ ಕೂರುತ್ತದೆ. ಆಮೇಲೆ ನಿಧಾನಕ್ಕೆ ಡೇಟಾ ಫೈಲಿಗೆ ಇಳಿಯುತ್ತದೆ. ನಡುವೆ ಯಂತ್ರ ಬಿದ್ದರೆ ಮತ್ತೆ ಎಬ್ಬಿಸಲು ಇದೇ ಬೇಕು. ಇದನ್ನೇ ನಾನು ಅಳಿಸಿದ್ದು.

ತಮಾಷೆ ಏನೆಂದರೆ, ಅಳಿಸಿದರೂ ಜಾಗ ಆಗಲಿಲ್ಲ. ಆ ಯಂತ್ರ ಓಡುತ್ತಿದ್ದ ಯುನಿಕ್ಸಿನಲ್ಲಿ ಹಾಗೇ. ಯಾವುದಾದರೂ ಪ್ರೋಗ್ರಾಂ ಫೈಲನ್ನು ತೆರೆದಿಟ್ಟುಕೊಂಡಿದ್ದರೆ ಪಟ್ಟಿಯಿಂದ ಹೆಸರು ಹೋದರೂ ಒಳಗಿನ ಸರಕು ಅಲ್ಲೇ ಇರುತ್ತದೆ. ಅಂದರೆ ಆಗಲಾದರೂ ಫೋನ್ ಮಾಡಿದ್ದರೆ ಉಳಿಸಿಕೊಳ್ಳುವ ದಾರಿ ಇತ್ತು. ನಾಲ್ಕನೇ ಸಲ ನಾನು ರಿಸೀವರ್ ಮುಟ್ಟಲೇ ಇಲ್ಲ. ಶಟ್‌ಡೌನ್ ಅಬಾರ್ಟ್ ಅಂತ ಹೊಡೆದು ಡೇಟಾಬೇಸನ್ನೇ ಬಲವಂತವಾಗಿ ನಿಲ್ಲಿಸಿದೆ, ಮತ್ತೆ ಶುರು ಮಾಡೋಣ ಅಂತ. ಅದು ಮೇಲೇಳಲಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಸೀನಿಯರ್ ಬಂದರು. ಬೇರೆ ಯಾರೋ ಫೋನ್ ಮಾಡಿದ್ದರು. ಹಿಂದಿನ ದಿನದ ಬ್ಯಾಕಪ್ ಹಾಕಿ, ಅದರ ಮೇಲೆ ಆರ್ಕೈವ್ ಫೈಲುಗಳನ್ನು ಒಂದೊಂದಾಗಿ ಓಡಿಸಿ, ಮಧ್ಯಾಹ್ನದ ಹೊತ್ತಿಗೆ ಎಬ್ಬಿಸಿದರು. ನಾನು ಅಳಿಸಿದ ಮೂರು ಫೈಲಿನಲ್ಲಿದ್ದ ಕೆಲಸ ಮಾತ್ರ ಸಿಗಲಿಲ್ಲ. ಸುಮಾರು 2 ಗಂಟೆಯ ಎಂಟ್ರಿ. ಎಂಟು ಜನ ಕೂತು ಕಾಗದದ ಸ್ಲಿಪ್ ನೋಡಿಕೊಂಡು ಮತ್ತೆ ಹೊಡೆದರು. ಒಬ್ಬರಾದರೂ ನನ್ನ ಮುಖ ನೋಡಲಿಲ್ಲ. ಎಲ್ಲ ಮುಗಿದ ಮೇಲೆ ಸೀನಿಯರ್ ನನ್ನ ಹತ್ತಿರ ಬಂದು ಕೇಳಿದ್ದು ಇಷ್ಟೇ: "ಚೀಟಿ ಕಾಣಿಸಲಿಲ್ಲವೇನಮ್ಮಾ?" ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವತ್ತೇ ನಿಜ ಹೇಳಿ ರಾಜೀನಾಮೆ ಬರೆದುಕೊಟ್ಟೆ. ಆರೋಗ್ಯ ಸರಿಯಿಲ್ಲದೆ ಕೆಲಸ ಬಿಟ್ಟಳು ಅಂತ ನೀವೆಲ್ಲ ಕೇಳಿದ್ದೀರಲ್ಲ, ಆ ಕಥೆ ಇದೇ.

ಇನ್ನೊಂದು ಸಲ ಹೇಳುತ್ತೇನೆ, ಬೇಜಾರಾದರೂ ಕೇಳಿಸಿಕೋ. ಇಲ್ಲದ ಅನುಭವ ಬರೆದರೆ ಕೇಳುವ ಬಾಯಿ ಕಟ್ಟಿಹೋಗುತ್ತದೆ. 8 ತಿಂಗಳು ಅಂತ ಹೇಳಿ ಸೇರಿದವಳು ದಿನಕ್ಕೆ ಇಪ್ಪತ್ತು ಸಲ ಕೇಳಬಹುದು, ಯಾರೂ ಏನೂ ಅಂದುಕೊಳ್ಳಲ್ಲ.

ಆ 2 ವರ್ಷ ಯಾರ ಐಡಿಯಾ ಅಂತ ಕೇಳು ಈಗ. ನಿನ್ನ ದೊಡ್ಡ ಮಾವನದು! ನಾನು ಟೈಪ್ ಮಾಡಿಸಿಟ್ಟಿದ್ದ ಹಾಳೆ ತೆಗೆದುಕೊಂಡು, ತನ್ನ ಪೆನ್ನಿನಲ್ಲಿ '6 ತಿಂಗಳು' ಹೊಡೆದುಹಾಕಿ, ಮೇಲೆ '2 ವರ್ಷ' ಅಂತ ಬರೆದ. "ಯಾರು ನೋಡುತ್ತಾರೆ, ನಿನಗೆ ಲೋಕಜ್ಞಾನ ಇಲ್ಲ" ಅಂದ. ಕೆಲಸ ಹೋದ ಮೇಲೆ ಅದೇ ಬಾಯಲ್ಲಿ "ಅವಳಿಗೆ ಧೈರ್ಯ ಸಾಲದು" ಅಂತ ಕಂಡಕಂಡವರಿಗೆಲ್ಲ ಹೇಳಿದ. ಇಪ್ಪತ್ತೈದು ವರ್ಷದ ಮೇಲಾಯಿತು. ನನ್ನಿಂದ ಹಾಗಾಯಿತು ಅಂತ ಒಂದು ಮಾತು ಬಂದಿಲ್ಲ. ಅಣ್ಣ, ನೀನೂ ಈ ಗ್ರೂಪಿನಲ್ಲೇ ಇದ್ದೀಯ. ನಿನ್ನೆ ಪುಟ್ಟಿಗೂ "ಎಲ್ಲರೂ ಹಾಕುತ್ತಾರೆ, ಹಾಕಮ್ಮ" ಅಂತ ಬರೆದಿದ್ದೀಯ. ಓದಿ ನನಗೆ ಮೈ ಉರಿದುಹೋಯಿತು.

ಯಾರು ನೋಡುತ್ತಾರೆ ಅಂದೆಯಲ್ಲ, ಅಮೆರಿಕದ ಎಂಐಟಿಯಲ್ಲಿ ಅಡ್ಮಿಷನ್ ವಿಭಾಗದ ಮುಖ್ಯಸ್ಥೆ ಒಬ್ಬರಿದ್ದರು, ಮ್ಯಾರಿಲೀ ಜೋನ್ಸ್ ಅಂತ. ಸೇರಿದ್ದು 1979ರಲ್ಲಿ. ಇಲ್ಲದ ಡಿಗ್ರಿಗಳನ್ನು ಬರೆದುಕೊಂಡಿದ್ದು ಗೊತ್ತಾಗಿ ರಾಜೀನಾಮೆ ಕೊಟ್ಟಿದ್ದು 2007ರಲ್ಲಿ. 28 ವರ್ಷ ಆದಮೇಲೆ ನೋಡಿದರು ಅಣ್ಣ! ಯಾಹೂ ಮುಖ್ಯಸ್ಥರಾಗಿದ್ದ ಸ್ಕಾಟ್ ಥಾಂಪ್ಸನ್ ಓದಿದ್ದು ಅಕೌಂಟಿಂಗ್, ಪರಿಚಯದಲ್ಲಿ ಕಂಪ್ಯೂಟರ್ ಸೈನ್ಸೂ ಇತ್ತು. 2012ರ ಜನವರಿಯಲ್ಲಿ ಸೇರಿದವರು ಮೇ ತಿಂಗಳಲ್ಲಿ ಹೊರಗೆ.

ಕಂಪನಿಗಳೇನೂ ಸಾಚಾ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಫಾಸ್ಟ್‌ಎಪಿಐ ಅಂತ ಪ್ರೋಗ್ರಾಂ ಬರೆಯುವವರು ಬಳಸುವ ಒಂದು ಸಾಧನ ಇದೆಯಲ್ಲ, ಅದನ್ನು ಬರೆದ ಸೆಬಾಸ್ಟಿಯನ್ ರಮಿರೆಸ್ 2020ರಲ್ಲಿ ಒಂದು ಜಾಹೀರಾತು ನೋಡಿದರಂತೆ. ಅದರಲ್ಲಿ ಫಾಸ್ಟ್‌ಎಪಿಐ ಅನುಭವ 4 ವರ್ಷಕ್ಕಿಂತ ಜಾಸ್ತಿ ಬೇಕು ಅಂತ ಇತ್ತು. ಅವರು ಅದನ್ನು ಹುಟ್ಟಿಸಿಯೇ ಒಂದೂವರೆ ವರ್ಷ ಆಗಿತ್ತು, ನಾನೇ ಅರ್ಜಿ ಹಾಕುವ ಹಾಗಿಲ್ಲ ಅಂತ ಟ್ವಿಟರ್‌ನಲ್ಲಿ ಬರೆದರು. ಕಂಪನಿಗಳು ಬಾಯಿಗೆ ಬಂದ ವರ್ಷ ಕೇಳುವುದು, ನಮ್ಮ ಮಕ್ಕಳು ರಾತ್ರಿಯೆಲ್ಲ ನಿದ್ದೆಗೆಡುವುದು. ನಮ್ಮ ಕಾಲದಲ್ಲೂ ಇದೇ ಗೋಳು, ಆಗ ಏನಾಗಿತ್ತೆಂದರೆ...

ಅಯ್ಯೋ, ಹೇಳಬೇಕಾದ್ದೇ ಬಿಟ್ಟುಹೋಗುತ್ತಿತ್ತು. ನಾಳೆ ಸಂಜೆ ಅರ್ಜಿ ಮುಗಿಯುತ್ತದೆ ಅಂದಿದ್ದೀಯ ಅಲ್ವಾ. ಹಾಕು. ಅವರು 3 ವರ್ಷ ಅಂದಿರುವುದು ಅವರ ಆಸೆ, ಕಡಿಮೆ ಇದ್ದವರನ್ನೂ ಎಷ್ಟೋ ಸಲ ಕರೆಯುತ್ತಾರೆ. 8 ತಿಂಗಳಿಗೆ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅಂತ ಬರೆ. ಇಂಟರ್ನ್‌ಶಿಪ್ ಬೇರೆ ಸಾಲಿನಲ್ಲಿ, ಇಂಟರ್ನ್‌ಶಿಪ್ ಅಂತಲೇ ಇರಲಿ. ಮನೆಯಲ್ಲಿ ಕೂತು ಮಾಡಿದೆಯಲ್ಲ ಆ ಪ್ರಾಜೆಕ್ಟ್, ಅದನ್ನು ಕೆಲಸದ ಕೆಳಗೆ ತುರುಕಬೇಡ. ಸ್ವಂತ ಪ್ರಾಜೆಕ್ಟ್ ಅಂತ ಬೇರೆ ಹಾಕಿ ಕೋಡ್‌ನ ಲಿಂಕ್ ಕೊಡು. ಮೂರು ವರ್ಷದ ಸುಳ್ಳಿಗಿಂತ ಓಡುವ ಕೋಡ್ ನೋಡಲು ಅವರಿಗೂ ಖುಷಿ. ಟೀಮಿನವರು ಮಾಡಿದ್ದಕ್ಕೆ 'ನಾವು' ಅನ್ನು, ನೀನೇ ಬರೆದಿದ್ದಕ್ಕೆ 'ನಾನು' ಅನ್ನು. ಇಂಟರ್‌ವ್ಯೂ ಮಾಡುವವರು ಹಿಡಿಯುವುದೇ ಅಲ್ಲಿ.

ಏಜೆಂಟ್‌ಗೆ ಬೇಡ ಅಂತ ಇವತ್ತೇ ಮೆಸೇಜ್ ಹಾಕು. ವೆರಿಫಿಕೇಶನ್‌ನವರು ಹಳೆ ಕಂಪನಿಗೆ ಬರೆದು ಸೇರಿದ ದಿನ, ಬಿಟ್ಟ ದಿನ, ಹುದ್ದೆ ಕೇಳುತ್ತಾರೆ. ಅವನ ಫೋನ್ ಇವತ್ತು ಎತ್ತುತ್ತಾನೆ, ಮುಂದಿನ ವರ್ಷ ಎತ್ತುತ್ತಾನಾ? ಅಕಸ್ಮಾತ್ ಎಲ್ಲಾದರೂ ಈಗಾಗಲೇ 3 ವರ್ಷ ಅಂತ ಕಳಿಸಿದ್ದರೆ ಹೆದರಬೇಡ. ಆಫರ್ ಬರುವ ಮುಂಚೆಯೇ ಎಚ್‌ಆರ್‌ಗೆ ಎರಡು ಸಾಲು ಬರೆ. ಅನುಭವದ ಅವಧಿ ತಪ್ಪಾಗಿ ಕೊಟ್ಟಿದ್ದೆ, ಸರಿಯಾದ ರೆಸ್ಯೂಮೆ ಇಲ್ಲಿದೆ ಅಂತ. ಆ ಕೆಲಸ ಕೈತಪ್ಪಿದರೂ ಚಿಂತೆಯಿಲ್ಲ.

ಕಳಿಸುವ ಮುಂಚೆ ನನಗೊಮ್ಮೆ ತೋರಿಸು, ತಾರೀಖುಗಳನ್ನು ನಾನೇ ಎಣಿಸುತ್ತೇನೆ. ಗ್ರೂಪಿಗೆ ಹಾಕಬೇಡ, ನನಗೊಬ್ಬಳಿಗೇ ಕಳಿಸು. ನಿನ್ನ ದೊಡ್ಡ ಮಾವನ ಜೇಬಿನಲ್ಲಿ ಇನ್ನೂ ಪೆನ್ನು ಇದೆ.