ಕನ್ನಡ ಮಾಧ್ಯಮದ ಹುಡುಗಿಗೆ ಸಿಇಟಿ: ಯಾವ ಕಾಗದ, ಯಾವ ಓದು?

ಪ್ರಶ್ನೆ: ನಮ್ಮ ತಂಗಿ ಮಗಳು ಲಿಂಗಸುಗೂರು ತಾಲ್ಲೂಕಿನ ಹಳ್ಯಾಗ ಸರ್ಕಾರಿ ಸಾಲಿ ಕಲಿತಾಳ, ಹತ್ತರ ತನಕ ಕನ್ನಡದಾಗ. ಈಗ ಪಿಯುಸಿ ಸೈನ್ಸ್, ಮುಂದ ಎಂಜಿನಿಯರಿಂಗ್‌ನಂಥ ಕೋರ್ಸಿನ ಸೀಟಿಗೆ ಸಿಇಟಿ ಪ್ರವೇಶ ಪರೀಕ್ಷೆ ಬರೀಬೇಕು. ಮನ್ಯಾಗ ಕಾಲೇಜು ಮೆಟ್ಟಿಲು ಹತ್ತಿದವರಿಲ್ಲ. 371ಜೆ, ಗ್ರಾಮೀಣ, ಕನ್ನಡ ಮಾಧ್ಯಮ ಅಂತ ಏನೇನೋ ಹೇಳ್ತಾರ. ತಿಳಿದವರು ಬಿಡಿಸಿ ಹೇಳ್ರಿ.

ಉತ್ತರ 1: ಅಕ್ಕಾರ, 371ಜೆ ಅಂದ್ರ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳಿಗೆ ಸೀಟು ಮೀಸಲಿಡುವ ಸಂವಿಧಾನದ ವಿಧಿ. ಅದರ ಪತ್ರ ಮೊದಲು ಮಾಡಿಸ್ರಿ. ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಇಲ್ಲಿಯ ಮಕ್ಕಳಿಗೆ, ರಾಜ್ಯದ ಉಳಿದ ಕಡೆ 8. ಅರ್ಹತಾ ಪತ್ರ ಕೊಡುವವರು ಸಹಾಯಕ ಆಯುಕ್ತರು. ನಿಮಗೆ ಆ ಕಚೇರಿ ಲಿಂಗಸುಗೂರಿನಲ್ಲೇ ಐತಿ. ಇಲ್ಲೇ ಹುಟ್ಟಿದ ದಾಖಲೆ, ತಂದೆ-ತಾಯಿ ಇಲ್ಲಿಯವರು ಅನ್ನುವ ದಾಖಲೆ, ವ್ಯಾಸಂಗ ಪತ್ರ ಜೋಡಿಸಿಕೊಳ್ಳಿ. ಕೆಲಸ ಕೆಡೋದು ಹೆಸರಿನಲ್ಲಿ. ಆಧಾರ್‌ನಲ್ಲಿ ‘ಹುಲಿಗೆಮ್ಮ’, ಅಂಕಪಟ್ಟಿಯಲ್ಲಿ ‘ಹುಲಿಗಮ್ಮ’ ಇದ್ದರೆ ಅರ್ಜಿ ವಾಪಸ್ ಬರ್ತದ. ಅಂಕಪಟ್ಟಿಯ ಹೆಸರನ್ನೇ ಹಿಡಿದು ಆಧಾರ್ ತಿದ್ದಿಸಿ, ಆಮೇಲೆ ಜಾತಿ-ಆದಾಯ ಪತ್ರ ತೆಗೆಸಿ. ಹಿಂದುಮುಂದಾದರೆ ಎಲ್ಲವನ್ನೂ ಎರಡನೇ ಸಲ ಮಾಡಿಸಬೇಕಾಗತೈತಿ. ಕೊನೆಗೆ, ಸಿಇಟಿ ಅರ್ಜಿಯಲ್ಲಿ 371ಜೆ ಕಾಲಂಗೆ ‘ಹೌದು’ ಅಂತ ತುಂಬೋದು ಮರೀಬ್ಯಾಡ್ರಿ. ಪತ್ರ ಕೈಯಾಗಿದ್ದೂ ಅಲ್ಲಿ ಬಿಟ್ಟರೆ ಸೀಟಿಗೆ ಲೆಕ್ಕಕ್ಕಿಲ್ಲ.

ಉತ್ತರ 2: ಗ್ರಾಮೀಣ ಕೋಟಾ ನೂರಕ್ಕೆ 15 ಸೀಟು, ಕನ್ನಡ ಮಾಧ್ಯಮ 5. ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ, ಮೊದಲನೆಯದಕ್ಕೆ ಹಳ್ಳಿ ಶಾಲೆಯಲ್ಲಿ, ಎರಡನೆಯದಕ್ಕೆ ಕನ್ನಡದಲ್ಲಿ ಓದಿರಬೇಕು. ಮುಖ್ಯೋಪಾಧ್ಯಾಯರು ಬರೆದುಕೊಟ್ಟದ್ದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಆಗಬೇಕು. ಎಂಟರಿಂದ ಹತ್ತು ಮುದಗಲ್ ಪುರಸಭೆ ವ್ಯಾಪ್ತಿಯಲ್ಲಿ ಓದಿದ್ದರೆ ಗ್ರಾಮೀಣ ಸಿಗೋದಿಲ್ಲ, ಮನೆ ಹಳ್ಳಿಯಲ್ಲೇ ಇದ್ದರೂ ಅಷ್ಟೇ. ಎರಡು ಶಾಲೆ ಆಗಿದ್ದರೆ ಎರಡೂ ಕಡೆಯಿಂದ ಬೇರೆ ಬೇರೆ ಪತ್ರ ತೆಗೆದುಕೊಳ್ಳಿ. ಫಲಿತಾಂಶದ ಹೊತ್ತಿಗೆ ಬಿಇಒ ಕಚೇರಿ ತುಂಬಿ ತುಳುಕ್ತದ. ದಸರಾ ರಜೆ ಮುಗಿದ ಮ್ಯಾಲೆ ಹೋಗ್ರಿ.

ಉತ್ತರ 3: ಈ ಮೀಸಲಾತಿ ಕೇಳಲು ನಾಚಿಕೆ ಪಡುವ ಮನೆಗಳಿವೆ, ಅದಕ್ಕೇ ಒಂದು ಮಾತು. 2002ರಲ್ಲಿ, ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಮೇಷ್ಟ್ರಿಲ್ಲದ ಶಾಲೆಯಲ್ಲಿ ಕೂತು, ಹತ್ತಿ ಬಿಡಿಸುವ ಕಾಲಕ್ಕೆ ಹೊಲಕ್ಕೂ ಹೋಗಿ ಬಂದ ಮಗುವಿನ ಅಂಕವನ್ನು ಕೋಚಿಂಗ್ ಮಗುವಿನ ಅಂಕದ ಪಕ್ಕ ಇಟ್ಟು ತೂಗೋದು ಅನ್ಯಾಯ. ಆಕೆಗೆ ಬರಬೇಕಾದ್ದನ್ನು ಆಕೆ ಕೇಳಲಿ.

ಉತ್ತರ 4: ಓದಿನ ಬಗ್ಗೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅರ್ಧ, ಪಿಯುಸಿಯ ಭೌತ-ರಸಾಯನ-ಗಣಿತ ಅಂಕ ಅರ್ಧ. ಹಾಗಾಗಿ ಬೋರ್ಡ್ ಪರೀಕ್ಷೆ ಹಗುರ ಮಾಡಬಾರದು. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ; ತಪ್ಪಿಗೆ ಅಂಕ ಕಳೆಯೋದಿಲ್ಲ, ಒಂದೂ ಖಾಲಿ ಬಿಡಬೇಡಿ. ಕನ್ನಡದಿಂದ ಬಂದವರು ಮೊದಲ ಪಿಯುಸಿಯಲ್ಲಿ ಎಡವೋದು ವಿಷಯಕ್ಕಿಂತ ಪದದಲ್ಲಿ. ವೇಗೋತ್ಕರ್ಷ ಗೊತ್ತಿರ್ತದ, ಆಕ್ಸೆಲರೇಷನ್ ಅಂದ ಕೂಡಲೇ ಗಾಬರಿ. ಹತ್ತನೇ ತರಗತಿ ವಿಜ್ಞಾನ ಪುಸ್ತಕದ ಕನ್ನಡ, ಇಂಗ್ಲಿಷ್ ಎರಡೂ ಪ್ರತಿ ಪಕ್ಕಪಕ್ಕ ಇಟ್ಟು ದಿನಕ್ಕೆ 15 ಪದ ಬರೆಸಿ, ಪ್ರತಿ ಪದಕ್ಕೆ ಒಂದು ಲೆಕ್ಕವನ್ನೋ ಚಿತ್ರವನ್ನೋ ಅಂಟಿಸಿ. ಬರೀ ಅರ್ಥ ಬಾಯಿಪಾಠ ಮಾಡಿದರೆ ವಾರಕ್ಕೆ ಮರೆತು ಹೋಗ್ತದ. ಎರಡು ತಿಂಗಳು ಬಿಡದೆ ಮಾಡಿದರೆ ತರಗತಿಯ ಪಾಠ ಕಿವಿಗೆ ಹತ್ತುತ್ತದ.