ಪಾರ್ಲಿಮೆಂಟರಿ ಡಿಬೇಟ್ ಕಲಿಯಲು ಎಲ್ಲಿಂದ ಶುರುಮಾಡಲಿ? ಬಲ್ಲವರು ಹೇಳಿ

ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ, ದಾವಣಗೆರೆ:
ಪಿಯುಸಿವರೆಗೆ ಕನ್ನಡ ಚರ್ಚಾಸ್ಪರ್ಧೆಗಳಲ್ಲಿ ಮಾತನಾಡಿ ಒಂದೆರಡು ಪರ್ಯಾಯ ಪಾರಿತೋಷಕ ತಂದವಳು ನಾನು. ಮುಂದಿನ ತಿಂಗಳು ಕಾಲೇಜಿನ ತಂಡದೊಂದಿಗೆ ಬೆಂಗಳೂರಿಗೆ ಹೋಗಬೇಕಿದೆ. ಅಲ್ಲಿ ಬ್ರಿಟಿಷ್ ಪಾರ್ಲಿಮೆಂಟರಿ ಮಾದರಿ, ಅದೂ ಇಂಗ್ಲಿಷಿನಲ್ಲಿ. ಆಡಳಿತ ಪಕ್ಷಕ್ಕೆ ಎರಡು, ವಿರೋಧ ಪಕ್ಷಕ್ಕೆ ಎರಡು ಎಂದು 4 ತಂಡ, 8 ಜನ, ವಿಷಯ ಕೊಟ್ಟ 15 ನಿಮಿಷಕ್ಕೆ ಮಾತು ಎಂದು ಓದಿಯೇ ಕೈಕಾಲು ತಣ್ಣಗಾಗಿದೆ. ನನ್ನ ಇಂಗ್ಲಿಷ್ ಬೇರೆ ತಡವರಿಸುತ್ತದೆ. ಮೊದಲು ಯಾವುದನ್ನು ಕಲಿಯಲಿ?

ನಾಲ್ಕು ವರ್ಷ ಡಿಬೇಟ್ ಮಾಡಿದ ವಕೀಲೆ, ಮೈಸೂರು:
ನಾನೂ ನಿನ್ನ ದಾರಿಯಲ್ಲೇ ಬಂದವಳು ತಂಗಿ. ‘ಮಾನ್ಯ ಅಧ್ಯಕ್ಷರೇ, ನಿಷ್ಪಕ್ಷಪಾತಿ ತೀರ್ಪುಗಾರರೇ’ ಎಂದು ಶುರುಮಾಡಿ, ಮೇಷ್ಟ್ರು ಬರೆದುಕೊಟ್ಟದ್ದನ್ನು ಉರು ಹೊಡೆದು ಒಪ್ಪಿಸಿ, ಒಂದು ವಚನ ಹೇಳಿ ಇಳಿಯುವ ಪದ್ಧತಿ. ಆ ಉರು ಇಲ್ಲಿ ಕೆಲಸಕ್ಕೆ ಬಾರದು. ನನ್ನನ್ನು ಕೇಳಿದರೆ, ಮೊದಲು ಕೇಳಿಸಿಕೊಳ್ಳುವುದನ್ನು ಕಲಿ.

ನನ್ನ ಮೊದಲ ಸುತ್ತಿನ ವಿಷಯ, ಶಾಲಾ ಮಕ್ಕಳ ಟ್ಯೂಷನ್ ನಿಷೇಧಿಸಬೇಕು ಎಂಬುದು. ನಮಗೆ ಬಂದದ್ದು ಕ್ಲೋಸಿಂಗ್ ಗವರ್ನಮೆಂಟ್, ಅಂದರೆ ಆಡಳಿತ ಪಕ್ಷದ ಎರಡನೆಯ ತಂಡ. ಮಕ್ಕಳಿಗೆ ಹೊರೆ, ದುಡ್ಡಿದ್ದವರಿಗೆ ಮಾತ್ರ ಅನುಕೂಲ ಎಂದು ಎರಡು ವಾದ ಅಚ್ಚುಕಟ್ಟಾಗಿ ಬರೆದುಕೊಂಡು ಕುಳಿತಿದ್ದೆವು. ಮೊದಲ ತಂಡದವರು ಎದ್ದು ಅವೆರಡನ್ನೂ ನಮಗಿಂತ ಚೆನ್ನಾಗಿ ಹೇಳಿ ಮುಗಿಸಿದರು. ನನಗೆ ಬೇರೇನೂ ತೋಚದೆ ಅದನ್ನೇ ಇನ್ನಷ್ಟು ಗಟ್ಟಿ ದನಿಯಲ್ಲಿ ಹೇಳಿದೆ. ಇಲ್ಲಿ ಸ್ಥಾನಕ್ಕೆ ತಕ್ಕಂತೆ 3, 2, 1, 0 ಅಂಕ. ನಮಗೆ ಸಿಕ್ಕಿದ್ದು ಸೊನ್ನೆ. ‘ನೀವು ಎಲೆಯ ಮುಂದೆ ಬರುವಷ್ಟರಲ್ಲಿ ಇದನ್ನು ಬಡಿಸಿಯಾಗಿತ್ತು’ ಎಂದರು ತೀರ್ಪುಗಾರರು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ಜೊತೆಗಾರ್ತಿ ತನ್ನ ಊರಿನ ಕಥೆ ಹೇಳಿದಳು. ತರಗತಿಯಲ್ಲಿ ಲೆಕ್ಕವನ್ನು ಅರ್ಧಕ್ಕೆ ಬಿಡುವ ಮೇಷ್ಟ್ರೇ ಸಂಜೆ ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದರಂತೆ. ಅಯ್ಯೋ, ಇದನ್ನಲ್ಲವೇ ಹೇಳಬೇಕಿದ್ದದ್ದು! ಟ್ಯೂಷನ್ನು ತರಗತಿಯ ಪಾಠವನ್ನೇ ಕೆಡಿಸುತ್ತದೆ, ಟ್ಯೂಷನ್ನಿಗೆ ಹೋಗದ ಮಗುವಿಗೂ ಅದರಿಂದ ನಷ್ಟ. ಮೊದಲ ತಂಡ ಮುಟ್ಟದೆ ಬಿಟ್ಟದ್ದನ್ನು ಹೀಗೆ ಎತ್ತಿಕೊಳ್ಳುವುದಕ್ಕೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಮೊದಲ ತಂಡವನ್ನು ಅಲ್ಲಗಳೆಯುವಂತಿಲ್ಲ, ಆದರೆ ಪೈಪೋಟಿ ಅವರ ಜೊತೆಗೂ ಇದೆ. (ನಮ್ಮ ರಾಜಕೀಯ ಪಕ್ಷಗಳನ್ನು ಕಂಡವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ.)

ಆಮೇಲೆ ಒಂದು ರೂಢಿ ಮಾಡಿಕೊಂಡೆ. ಎ4 ಹಾಳೆಯನ್ನು ಮೂರು ಸಲ ಮಡಚಿ ಬಿಚ್ಚಿದರೆ ಎಂಟು ಮನೆ. ಒಬ್ಬೊಬ್ಬ ಭಾಷಣಕಾರರಿಗೆ ಒಂದೊಂದು. ಅವರ ವಾದ ನೀಲಿ ಪೆನ್ನಿನಲ್ಲಿ, ನನ್ನ ಉತ್ತರ ಕೆಂಪಿನಲ್ಲಿ. ಎದುರು ಪಕ್ಷದವರ ಮನೆಯಲ್ಲಿ ಬರೀ ನೀಲಿಯೇ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು.

ಇಂಗ್ಲಿಷಿನ ಚಿಂತೆ ಬಿಡು ಎನ್ನಲಾರೆ, ಅದು ಕಾಡುತ್ತದೆ. ಆದರೆ ಉಚ್ಚಾರಣೆಗೆ ಅಂಕವಿಲ್ಲ. ವಿಶ್ವವಿದ್ಯಾಲಯಗಳ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿಯೂ ಇಂಗ್ಲಿಷ್ ಎರಡನೆಯ ಭಾಷೆಯಾಗಿರುವವರಿಗೆ ಬೇರೆಯೇ ಫೈನಲ್ ಇದೆ. ನಾನಂತೂ ಆ 15 ನಿಮಿಷವೂ ಕನ್ನಡದಲ್ಲೇ ಯೋಚಿಸಿ, ಕನ್ನಡದಲ್ಲೇ ಟಿಪ್ಪಣಿ ಬರೆದು, ಎದ್ದ ಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ.

ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ:
ಪಾಯಿಂಟ್ ಆಫ್ ಇನ್ಫರ್ಮೇಷನ್ ವಿಷಯ ಅಕ್ಕ ಹೇಳಲಿಲ್ಲ. 7 ನಿಮಿಷದ ಭಾಷಣದಲ್ಲಿ ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ನಡುವೆ ಯಾವಾಗ ಬೇಕಾದರೂ ಎದುರು ಪಕ್ಷದವರು ಪ್ರಶ್ನೆಗೆ ಎದ್ದು ನಿಲ್ಲಬಹುದು. ಒಪ್ಪಿದರೆ ಅವರಿಗೆ 15 ಸೆಕೆಂಡ್. ನಾನು ಮೊದಲ ಸಲ ಮರ್ಯಾದೆಗೆಂದು ಎದ್ದವರಿಗೆಲ್ಲ ಅವಕಾಶ ಕೊಟ್ಟೆ. ನಾಲ್ವರಿಗೆ ಉತ್ತರಿಸುವಷ್ಟರಲ್ಲಿ ನನ್ನ ಎರಡನೆಯ ವಾದಕ್ಕೆ ಸಮಯವೇ ಉಳಿಯಲಿಲ್ಲ. ಒಂದು, ಹೆಚ್ಚೆಂದರೆ ಎರಡು ಸಾಕು. ಅದೂ ಒಂದು ವಾದ ಹೇಳಿ ಮುಗಿಸಿದ ಮೇಲೆ. ಒಂದನ್ನೂ ತೆಗೆದುಕೊಳ್ಳದಿದ್ದರೆ ಹೆದರಿದಂತೆ ಕಾಣುತ್ತದೆ. ಓಪನಿಂಗ್, ಅಂದರೆ ಪಕ್ಷದ ಮೊದಲ ತಂಡ ಬಂದರೆ, ನಮ್ಮ ಭಾಷಣ ಮುಗಿಯಿತು ಎಂದು ನೀರು ಕುಡಿಯುತ್ತಾ ಕೂರಬೇಡಿ. ಕೊನೆಯ ನಾಲ್ಕು ಭಾಷಣಗಳಲ್ಲಿ ಎದುರು ಪಕ್ಷದವರು ಮಾತನಾಡುವಾಗ ಎದ್ದು ನಿಲ್ಲುತ್ತಿದ್ದರೆ ತೀರ್ಪುಗಾರರಿಗೆ ನೀವು ನೆನಪಿರುತ್ತೀರಿ.

ಉಪನ್ಯಾಸಕ, ಮಂಗಳೂರು:
ಹೊಸಬರನ್ನು ನೇರವಾಗಿ ಬ್ರಿಟಿಷ್ ಮಾದರಿಗೆ ದೂಡುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಕಾಲೇಜಿನಲ್ಲಿ ಏಷ್ಯನ್ ಪಾರ್ಲಿಮೆಂಟರಿಯಿಂದ ಆರಂಭಿಸುತ್ತೇವೆ. ಎರಡೇ ತಂಡ, ತಂಡಕ್ಕೆ ಮೂವರು, ತಯಾರಿಗೆ ಅರ್ಧ ಗಂಟೆ. ಎದುರಾಳಿ ಯಾರು ಎಂಬ ಗೊಂದಲವಿಲ್ಲ. ಮೊದಲ ವಾರ ಯಾರನ್ನೂ ಮಾತನಾಡಿಸುವುದಿಲ್ಲ; ಕೈಗೆ ಸ್ಟಾಪ್‌ವಾಚ್ ಕೊಟ್ಟು ಕೂರಿಸುತ್ತೇನೆ. ಸುತ್ತು ಮುಗಿದ ಮೇಲೆ ಯಾರು ಗೆದ್ದರು, ಏಕೆ ಎಂದು ಅವರು ಹೇಳಬೇಕು. ‘ಅವರು ಚೆನ್ನಾಗಿ ಮಾತನಾಡಿದರು ಸರ್’ ಎಂಬ ಉತ್ತರ ನನ್ನ ಬಳಿ ನಡೆಯುವುದಿಲ್ಲ.

ಮೇಲೆ ಹೇಳಿದ ವಿಶ್ವ ಚಾಂಪಿಯನ್‌ಷಿಪ್ 1981ರಿಂದ ನಡೆಯುತ್ತಿದೆ, 2014ರಲ್ಲಿ ಚೆನ್ನೈಗೂ ಬಂದಿತ್ತು. ಅದರ ಫೈನಲ್‌ಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ನಾಲ್ಕು ಭಾಷಣ ಕೇಳಿ ವಿಡಿಯೊ ನಿಲ್ಲಿಸಿ. ಈಗ ಕ್ಲೋಸಿಂಗ್ ತಂಡ ನೀವೇ ಆಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ಬರೆದುಕೊಂಡು, ಆಮೇಲೆ ಮುಂದಕ್ಕೆ ನೋಡಿ.

ವಕೀಲೆ, ಮೈಸೂರು:
ಸರ್, ಇವಳಿಗೆ ಇರುವುದು ಒಂದೇ ತಿಂಗಳು. ಹೋಗಬೇಕಾದ ಊರಿನ ಬಸ್ಸನ್ನೇ ಹತ್ತಲಿ. ಸ್ಟಾಪ್‌ವಾಚ್ ಮತ್ತು ವಿಡಿಯೊ ಮಾತು ಒಪ್ಪಿದೆ.

ವಿದ್ಯಾರ್ಥಿನಿ, ದಾವಣಗೆರೆ:
ಎಲ್ಲರಿಗೂ ವಂದನೆ. ಭಾನುವಾರ ಹಾಸ್ಟೆಲಿನ ಊಟದ ಹಾಲಿನಲ್ಲಿ ಒಂದು ಸುತ್ತು ಮಾಡಿದೆವು. ಸಿಕ್ಕಿದ್ದು ಆರೇ ಜನ, ಇಬ್ಬರು ಎರಡೆರಡು ಸಲ ಮಾತನಾಡಿದರು. ಟ್ಯೂಷನ್ ವಿಷಯವನ್ನೇ ಇಟ್ಟುಕೊಂಡೆವು. ಹಾಳೆ ಮಡಚಿದ್ದು ಅನುಕೂಲವಾಯಿತು ಅಕ್ಕ. ಆದರೆ ನನ್ನ ಭಾಷಣ 3 ನಿಮಿಷ 40 ಸೆಕೆಂಡಿಗೆ ಮುಗಿದುಹೋಯಿತು! ಉಳಿದ ಸಮಯಕ್ಕೆ ಏನು ತುಂಬಲಿ?

ವಕೀಲೆ, ಮೈಸೂರು:
ಹೊಸ ವಾದ ತುರುಕಬೇಡ. ಇರುವ ವಾದವನ್ನೇ ಹಿಡಿದು ಕೇಳುತ್ತಾ ಹೋಗು. ತರಗತಿಯ ಪಾಠ ಕೆಡುತ್ತದೆ. ಏಕೆ? ಮೇಷ್ಟ್ರಿಗೆ ಸಂಜೆಯ ಸಂಪಾದನೆಯಿದೆ. ಇದ್ದರೇನಾಯಿತು? ಬೆಳಿಗ್ಗೆಯೇ ಪೂರ್ತಿ ಹೇಳಿಕೊಟ್ಟರೆ ಸಂಜೆ ಯಾರೂ ಬರುವುದಿಲ್ಲ. ಪೆಟ್ಟು ಯಾರಿಗೆ? ಟ್ಯೂಷನ್ ಫೀಸು ಕಟ್ಟಲಾಗದ ಮನೆಯ ಹುಡುಗಿಗೆ. ನಿಷೇಧಿಸಿದರೆ ಅವಳಿಗೆ ಏನು ಸಿಗುತ್ತದೆ? ಇಷ್ಟಕ್ಕೇ ಎರಡು ನಿಮಿಷ ಹಿಡಿಯುತ್ತದೆ. ಮೊಬೈಲಿನಲ್ಲಿ ಟೈಮರ್ ಹಾಕಿಕೊಂಡು ಇವತ್ತು ರಾತ್ರಿಯೇ ಹೇಳಿ ನೋಡು.